ಗಾಂಧಿ ಬಜಾರಿನಲ್ಲಿ ಒಂದು ಚಂದ್ರ

ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಕಬ್ಬಿಣದ ಕಾರ್ಖಾನೆಯ ಫರ್ನೇಸ್ ಮುಂದೆ ದುಡಿದು ರಿಟೈರಾದವರು. ಆಯುಷ್ಯವೆಲ್ಲ ಬೆಂಕಿ ನೋಡಿದ್ದಕ್ಕೋ ಏನೋ, ಅವರಿಗೆ ತಣ್ಣಗಿರುವುದೆಲ್ಲ ಇಷ್ಟ. ಸೌರಮಂಡಲದ ಅಂಚಿನಲ್ಲಿರುವ ಪುಟ್ಟ ಹಿಮದುಂಡೆಯೊಂದಕ್ಕೂ ಚಂದ್ರ ಇದೆಯೆಂದು ಎಲ್ಲೋ ಓದಿ, ಅದರ ದೂರವನ್ನು ನಮ್ಮೂರಿನ ಅಳತೆಗೆ ಇಳಿಸಿ ಕೂತು ಲೆಕ್ಕ ಹಾಕಿದರು.

"ನಮ್ಮ ಫರ್ನೇಸ್ ಬಾಯಿ ಸೂರ್ಯ ಅಂದ್ಕೊ ಮಾರಾಯ್ತಿ. ಗೇಟಿನ ಹತ್ರ ಭೂಮಿ, ಒಂದು ನಿಂಬೆಹಣ್ಣು. ಆ ಹಿಮದುಂಡೆ ಶಿವಮೊಗ್ಗದಲ್ಲಿ ಒಂದು ಗಸಗಸೆ ಕಾಳು."

ಒಂದು ಮಧ್ಯಾಹ್ನ ನನ್ನನ್ನೂ ಶಿವಮೊಗ್ಗದ ಬಸ್ಸು ಹತ್ತಿಸಿದರು. ಸ್ಟಾಪು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡೇ, "ಇನ್ನೂ ದೂರ, ಇನ್ನೂ ತಣ್ಣಗೆ" ಎನ್ನುತ್ತಿದ್ದರು.

ಗಾಂಧಿ ಬಜಾರಿನ ದಿನಸಿ ಅಂಗಡಿಯಲ್ಲಿ ಗಸಗಸೆ ಕೊಂಡು, ಸುಟ್ಟ ಕಲೆಗಳಿದ್ದ ಅಂಗೈ ಮೇಲೆ ಹಿಮದುಂಡೆಗೊಂದು, ಅದರ ಚಂದ್ರನಿಗೊಂದು ಚಿಕ್ಕದು ಎಂದು ಎರಡು ಕಾಳು ಇಟ್ಟುಕೊಂಡರು, ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟು. ಫ್ಯಾನಿನ ಗಾಳಿಗೆ ಚಿಕ್ಕದು ಹಾರಿಹೋಯಿತು. ಉಳಿದದ್ದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಮೊಣಕಾಲೂರಿ ನೆಲದ ಮೇಲೆ ಹುಡುಕತೊಡಗಿದರು.

"ಪೊಟ್ಟಣದ ತುಂಬ ಇದೆಯಲ್ಲ ಸಾರ್, ಇನ್ನೊಂದು ತಗೊಳ್ಳಿ" ಎಂದ ಅಂಗಡಿಯವನು.

ಅವರು ತಲೆ ಎತ್ತಲಿಲ್ಲ. "ಇಷ್ಟು ದೂರದಲ್ಲಿ ಇದಕ್ಕೆ ಜೊತೆ ಅಂತ ಇರೋದು ಅದೊಂದೇ."

ನಾನೂ ಪಕ್ಕದಲ್ಲಿ ಕೂತು ಹುಡುಕಿದೆ.