ಕೂತ ಅಳತೆ

ಜೀನ್ಸ್ ಬಟ್ಟೆ ಬಿಸಿಲಿಗೆ ಕಾದರೆ ಒಂದು ವಾಸನೆ ಬರುತ್ತದೆ. ನೀಲಿಬಣ್ಣ, ಗಂಜಿ, ಮಷಿನ್ ಎಣ್ಣೆ ಎಲ್ಲ ಬೆರೆತ ವಾಸನೆ. ರಾಯದುರ್ಗದಲ್ಲೇ ಹುಟ್ಟಿ ಬೆಳೆದ ನನ್ನ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಬೀದಿಗೆ ಬೀದಿಯೇ ಪ್ಯಾಂಟು ಹೊಲಿಯುವ ಊರು ನಮ್ಮದು. ಆದರೆ ಮೊನ್ನೆ ಬೆಳಿಗ್ಗೆ ಅಂಗಳದಲ್ಲಿ ನಿಂತಿದ್ದ ಮೋಟಾರ್ ಸೈಕಲ್ಲಿನ ಮೇಲಿಂದ ತಾಡಪಾಲು ಎಳೆದೆ ನೋಡಿ, ಆ ವಾಸನೆ ಮೂಗಿಗೆ ಬಡಿದು ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಕೈಯಲ್ಲಿ ಕತ್ತರಿ ಇತ್ತು. ಸೀಟು ಬಿಚ್ಚಿ ತಗ್ಗಿಸಬೇಕೆಂದು ಬಂದವಳು ನಾನು. ಮನಸ್ಸು ಒಪ್ಪಲಿಲ್ಲ.

ಆ ಸೀಟಿನ ಕತೆ ನಿಮಗೆ ತಿಳಿಯಬೇಕಾದರೆ ಮೊದಲು ನಮ್ಮ ಯಜಮಾನರ ಎತ್ತರ ತಿಳಿಯಬೇಕು. ಅವರು ಮಡಕಶಿರದ ಹತ್ತಿರದ ಹಳ್ಳಿಯವರು, ರೇಷ್ಮೆ ಹುಳು ಸಾಕುವ ಮನೆತನ. ನಮ್ಮಪ್ಪನ ಅಂಗಡಿಗೆ ಕಟಿಂಗ್ ಕಲಿಯಲು ಬಂದವರು ಅಳಿಯನಾಗಿ ಉಳಿದರು. ಯಾವ ಬಾಗಿಲು ದಾಟಿದರೂ ತಲೆ ಬಗ್ಗಿಸುತ್ತಿದ್ದರಿಂದ ಹೊಸಬರು ಇವರನ್ನು ಬಹಳ ವಿನಯವಂತರು ಎಂದುಕೊಳ್ಳುತ್ತಿದ್ದರು. ನಾನೋ, ಮಷಿನ್ ಮುಂದೆ ಕೂತರೂ ಒಂದೇ, ನಿಂತರೂ ಒಂದೇ. ಮದುವೆಯ ಫೋಟೋದಲ್ಲಿ ನನ್ನ ಕಾಲ ಕೆಳಗೆ ಒಂದು ಮಣೆ ಇದೆ. ಸೀರೆಯ ನೆರಿಗೆ ಅದರ ಮಾನ ಕಾಪಾಡಿದೆ. ಲಾರಿಗಟ್ಟಲೆ ಪ್ಯಾಂಟು ಹೊರಗೆ ಕಳಿಸುವ ಊರಿನಲ್ಲಿ ಅವರ ಕಾಲಿಗೆ ಸರಿಹೋಗುವ ಒಂದು ಪ್ಯಾಂಟೂ ಸಿಗದೆ, ಕೊನೆಯತನಕ ನಾನೇ ಹೊಲಿದುಕೊಟ್ಟೆ.

ಮೋಟಾರ್ ಸೈಕಲ್ ನಮ್ಮಪ್ಪನದು. ಸಣ್ಣ ಗಾಡಿ. ನನ್ನ ಗಿಡ್ಡತನ ಅಪ್ಪನಿಂದಲೇ ಬಂದದ್ದಾದ್ದರಿಂದ ಅಪ್ಪ ಕೂತಾಗ ಗಾಡಿ ಗಾಡಿಯಂತೆಯೇ ಕಾಣುತ್ತಿತ್ತು. ಅಳಿಯ ಕೂತಾಗ ಮಾತ್ರ ಮಕ್ಕಳ ಆಟಿಕೆ. ಮಂಡಿಗಳು ಹ್ಯಾಂಡಲಿಗೆ ಬಡಿಯುತ್ತಿದ್ದವು; ತಿರುವು ಬಂದರೆ ಒಂದು ಮಂಡಿಯನ್ನು ಹೊರಗೆ ಚಾಚಬೇಕು. ಊರೊಳಗಿನ ಓಡಾಟಕ್ಕೆ ಹೇಗೋ ನಡೆಯುತ್ತಿತ್ತು. ಆದರೆ ಅವರಿಗೆ ತಿಂಗಳಿಗೊಮ್ಮೆ ಮಡಕಶಿರಕ್ಕೆ ಹೋಗಿ ಅವ್ವನ ಮುಖ ನೋಡದಿದ್ದರೆ ಸಮಾಧಾನವಿಲ್ಲ. ಬಸ್ಸು ಬೇಡ, ಅಲ್ಲಿ ಮಂಡಿ ಇಡಲು ಇನ್ನೂ ಕಷ್ಟ. ಗಾಡಿಯಲ್ಲಿ ಅರ್ಧ ದಿನದ ದಾರಿ. ಹೋಗಿ ಬಂದ ಮೇಲೆ ನಾನು ಹರಳೆಣ್ಣೆ ಬಿಸಿಮಾಡಿಕೊಂಡು ಮಂಡಿ ತಿಕ್ಕುತ್ತ ಕೂರಬೇಕು.

“ದೊಡ್ಡ ಗಾಡಿ ತಗೊಳ್ರಿ, ಯಾಕ ಇಷ್ಟು ಕಷ್ಟ ಪಡ್ತೀರಿ?” ಎಂದರೆ, “ಮಾವ ಕೈಯಾರೆ ಕೊಟ್ಟ ಗಾಡಿ ಕಣೇ. ನನ್ನ ಕಾಲು ಉದ್ದ ಇರಾದು ಅದ್ರ ತಪ್ಪಾ?” ಎನ್ನುತ್ತಿದ್ದರು.

“ಹಂಗಾರ ಎದ್ದು ನಿಂದರ್ರಿ. ಪ್ಯಾಂಟು ಹೊಂದ್ಸಾಕ ಬರತೈತಿ, ಗಾಡಿ ಹೊಂದ್ಸಾಕ ಬರಂಗಿಲ್ಲೇನು?” ಎಂದು ಒಂದು ದಿನ ನಾನು ಕೊರಳಲ್ಲಿದ್ದ ಟೇಪು ತೆಗೆದೆ.

ಸೊಂಟದಿಂದ ಪಾದದವರೆಗೆ, ತೊಡೆಸಂದಿನಿಂದ ಪಾದದವರೆಗೆ, ಗಿರಾಕಿಗೆ ಹಿಡಿಯುವ ಹಾಗೆಯೇ ಅಳತೆ ಹಿಡಿದೆ. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಜೀನ್ಸ್ ಚೂರುಗಳನ್ನೆಲ್ಲ ಪದರಪದರವಾಗಿ ಜೋಡಿಸಿ ಕೌದಿ ಹೊಲಿದಂತೆ ದಪ್ಪ ಮೆತ್ತೆಗಳನ್ನು ಹೊಲಿದು, ಒಂದರ ಮೇಲೊಂದು ಸೀಟಿನ ಮೇಲಿಟ್ಟು, ಹೊಸ ಜೀನ್ಸಿನದೇ ಹೊದಿಕೆ ತೊಡಿಸಿದೆ. ಅವರು ಹತ್ತಿ ಕೂತರು. ಬೀದಿಯವರೆಲ್ಲ ನಗಲು ಶುರುಮಾಡಿದರು. ಒಂಟೆಯ ಮೇಲೆ ಕೂತವರಂತೆ ಕಾಣುತ್ತಿದ್ದರು. ಕಾಲು ನೆಟ್ಟಗೆ ಕೆಳಗಿಳಿದಿತ್ತು, ಬೆನ್ನು ಬಗ್ಗಿ ಮುಖ ಹ್ಯಾಂಡಲಿನ ಹತ್ತಿರ ಬಂದಿತ್ತು.

ಅಪ್ಪ ಒಳಗಿಂದ ಬಂದು ನೋಡಿ, “ಏನವ್ವಾ, ನಿನ್ನ ಗಂಡ ನಿಂತ್ಕಂಡು ಗಾಡಿ ಹೊಡೀತಾನೇನು? ಇಷ್ಟು ವರ್ಷ ಹೊಲದೀಯಲ್ಲ, ಕೂತ ಅಳತಿ ಬ್ಯಾರೆ, ನಿಂತ ಅಳತಿ ಬ್ಯಾರೆ ಅನ್ನಾದು ಗೊತ್ತಾಗ್ಲಿಲ್ಲೇನು?” ಎಂದ. ಹೊದಿಕೆ ಸಣ್ಣದು ಮಾಡಲು ನಾನು ಕತ್ತರಿ ತೆಗೆದರೆ ಕೈ ಹಿಡಿದ. “ಕತ್ತರಿಸಬ್ಯಾಡ. ಒಳಗ ಮಡಚು. ಬೇಕಾದಾಗ ಬಿಚ್ಚಾಕ ಬರತೈತಿ.”

ಬೆಳೆಯುವ ಹುಡುಗರ ಪ್ಯಾಂಟಿಗೆ ನಾವು ಕೆಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಡುತ್ತೇವಲ್ಲ, ಹಾಗೆ. ಯಜಮಾನರನ್ನು ಮಷಿನ್ ಸ್ಟೂಲಿನ ಮೇಲೆ ಕೂರಿಸಿ ಮತ್ತೆ ಅಳತೆ ಹಿಡಿದೆ. ಒಂದು ಮೆತ್ತೆ ತೆಗೆದು, ಹೊದಿಕೆ ಒಳಗೆ ಮಡಚಿದೆ. ಮೆಕ್ಯಾನಿಕ್ ಹ್ಯಾಂಡಲನ್ನು ಸ್ವಲ್ಪ ಎತ್ತರಿಸಿದ. ಆ ಸಲ ಮಡಕಶಿರಕ್ಕೆ ಹೋಗಿ ಬಂದಾಗ ಎಣ್ಣೆ ಬಿಸಿಮಾಡುವ ಕೆಲಸ ಬೀಳಲಿಲ್ಲ. ಆ ಖುಷಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನೂ ಹಿಂದೆ ಕೂತು ಎಷ್ಟು ಸಲ ಆ ದಾರಿಯಲ್ಲಿ ಹೋಗಿದ್ದೇನೋ. ಸ್ವಲ್ಪ ಸುತ್ತಾದರೂ ಭೈರವಾನಿತಿಪ್ಪ ಡ್ಯಾಮಿನ ಹತ್ತಿರ ನಿಲ್ಲಿಸಿ ಬುತ್ತಿ ಬಿಚ್ಚುತ್ತಿದ್ದೆವು. ಆದರೆ ದಾರಿ ಹೇಗಿದೆ ಎಂದು ನನ್ನನ್ನು ಕೇಳಬೇಡಿ. ನನಗೆ ಕಾಣುತ್ತಿದ್ದುದು ಅವರ ಅಗಲ ಬೆನ್ನು ಒಂದೇ. “ಮುಂದ ಏನೈತ್ರಿ?” ಎಂದು ಕೇಳುತ್ತಿದ್ದೆ. “ಕುರಿ ಬರ್ತಾ ಅವೆ ಕಣೇ, ಗಟ್ಟಿಯಾಗಿ ಹಿಡ್ಕ,” “ಶೇಂಗಾ ಹೂ ಬಿಟ್ಟೈತೆ,” “ಮಳೆ ಬರಂಗೈತೆ,” ಹೀಗೆ ದಾರಿಯನ್ನೆಲ್ಲ ಅವರೇ ನನಗೆ ಹೇಳುತ್ತಿದ್ದರು. ಕೇಳುತ್ತ ಕೇಳುತ್ತ ಆ ಬೆನ್ನಿಗೆ ಒರಗಿ ನಿದ್ದೆ ಮಾಡಿಬಿಡುತ್ತಿದ್ದೆ.

ಹೋದ ವರ್ಷ ಕಟಿಂಗ್ ಟೇಬಲ್ಲಿನ ಮುಂದೆ ನಿಂತಿದ್ದ ಯಜಮಾನರು ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ.

ಗಾಡಿ ಸುಮ್ಮನೆ ನಿಂತು ಹಾಳಾಗುತ್ತದೆ, ಯಾರಿಗಾದರೂ ಕೊಟ್ಟುಬಿಡು ಎಂದು ಎಲ್ಲರೂ ಹೇಳಿದರು. ಬಂದು ಹತ್ತಿ ನೋಡಿದವರ ಕಾಲು ನೆಲಕ್ಕೆ ಎಟುಕಲಿಲ್ಲ. ಒಳಗೊಳಗೇ ನನಗೆ ಅದರಿಂದ ಸಂತೋಷವಾಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯವರ ಸ್ಕೂಟರಿನಲ್ಲಿ, ಆಮೇಲೆ ಆ ಮನೆಯವರದೇ ಮೋಟಾರ್ ಸೈಕಲ್ಲಿನಲ್ಲಿ ನಾನೇ ಓಡಿಸುವುದು ಕಲಿತೆ. ಆದರೂ ಆ ಸೀಟಿಗೆ ಕೈ ಹಚ್ಚಲಾರೆ. ತಗ್ಗಿಸಿದರೆ ಅವರು ಕೂತ ಜಾಗವನ್ನೇ ಕಿತ್ತು ಹಾಕಿದಂತೆ. ಹಾಗೇ ಬಿಟ್ಟರೆ ಅದು ಯಾರಿಗೂ ಆಗದೆ ತುಕ್ಕು ಹಿಡಿಯುತ್ತದೆ. ಕೊನೆಗೆ ಕಟ್ಟೆಯ ಮೇಲೆ ಕೂತಂತೆಯೇ ಅತ್ತೆಗೆ ಫೋನ್ ಮಾಡಿ ಹೇಳಿಕೊಂಡೆ. ಮಗನಿಗೆ ಆ ಎತ್ತರ ಕೊಟ್ಟವರೇ ಅವರು.

ಅತ್ತೆ, “ತಗ್ಗಿಸ್ಕಳವ್ವ. ಅವನು ಇದ್ದಿದ್ರೆ ಅವನೇ ತಗ್ಗಿಸ್ಕೊಡ್ತಿದ್ದ. ತೆಗೆದ ಮೆತ್ತೆ ಎಸಿಬ್ಯಾಡ, ನಂಗೆ ತಂದ್ಕೊಡು. ಹುಳಕ್ಕೆ ಸೊಪ್ಪು ಹೆಚ್ಚಾಕೆ ಕೆಳಗೆ ಕೂರಾಕಾಗಲ್ಲ ನಂಗೆ, ಅದ್ರ ಮೇಲೆ ಕೂತ್ಕಂತೀನಿ,” ಎಂದರು.

ಕಟ್ಟೆಯಿಂದ ಎದ್ದೆ. ಕತ್ತರಿಯಿಂದ ಹೊಲಿಗೆಯ ದಾರವನ್ನಷ್ಟೇ ಬಿಡಿಸಿದೆ. ಮೇಲಿನ ಮೆತ್ತೆಯಲ್ಲಿ ಅವರು ಕೂತು ಕೂತು ಬಿದ್ದ ತಗ್ಗು ಹಾಗೇ ಇತ್ತು. ಅದರ ಮೇಲೆ ಕೈಯಿಟ್ಟು ಸಾಕಾಗುವಷ್ಟು ಅತ್ತುಬಿಟ್ಟೆ. ಆಮೇಲೆ ಅಡಿಯದೊಂದನ್ನು ಉಳಿಸಿ ಉಳಿದ ಮೆತ್ತೆಗಳನ್ನು ತೆಗೆದು, ಹೊದಿಕೆಯ ಹೆಚ್ಚಿನ ಬಟ್ಟೆಯನ್ನು ಒಳಗೆ ಮಡಚಿ ಹೊಲಿದೆ. ಬಿಚ್ಚಿ ಉದ್ದ ಮಾಡಿಸಿಕೊಳ್ಳುವವರು ಇನ್ನು ಬರುವುದಿಲ್ಲವೆಂದು ನನಗೆ ಗೊತ್ತು. ಆದರೂ ಕತ್ತರಿಸಲಿಲ್ಲ.

ಇವತ್ತು ಬೆಳಿಗ್ಗೆ ಆ ಮೆತ್ತೆಗಳನ್ನು ಹಿಂದಿನ ಸೀಟಿಗೆ, ನಾನು ಕೂರುತ್ತಿದ್ದ ಜಾಗಕ್ಕೆ, ಹಗ್ಗ ಹಾಕಿ ಕಟ್ಟಿಕೊಂಡು ಮಡಕಶಿರಕ್ಕೆ ಹೊರಟೆ. ಗುಮ್ಮಗಟ್ಟ ದಾಟಿದ ಮೇಲೆ ಎರಡು ದಾರಿ ಬಂದವು. ಯಾವ ಕಡೆಗೆ ತಿರುಗಬೇಕೆಂದು ತಿಳಿಯದೆ ನಿಂತು, ದಾರಿಹೋಕರನ್ನು ಕೇಳಿದೆ. ಅಷ್ಟು ವರ್ಷ ಓಡಾಡಿದ ದಾರಿ! ಈಗ ಕಣ್ಣಿಗೆ ಯಾವ ಅಡ್ಡವೂ ಇರಲಿಲ್ಲ. ಹೊಲ, ಗುಡ್ಡ, ಆಕಾಶ ಎಲ್ಲ ಕಾಣುತ್ತಿತ್ತು. ನನಗೆ ಇದ್ಯಾವುದೂ ಬೇಡವಾಗಿತ್ತು, ಆ ಬೆನ್ನು ಬೇಕಿತ್ತು.

ಡ್ಯಾಮು ಇನ್ನೂ ದೂರವಿರುವಾಗ ರಸ್ತೆಗೆ ಅಡ್ಡಲಾಗಿ ಕುರಿಮಂದೆ ಬಂತು. ಬ್ರೇಕ್ ಹಿಡಿದೆ. ಕಾಲು ನೆಲಕ್ಕೆ ಎಟುಕಿತು. ಹಿಂದಕ್ಕೆ ತಿರುಗಿ, “ಕುರಿ ಬಂದಾವ್ರೀ, ಗಟ್ಟಿಯಾಗಿ ಹಿಡ್ಕೊಳ್ರಿ,” ಎಂದೆ.