ಆಮೆಗೆ ಬಿಸಿಲು ಕಟ್ಟಿದ ಗುಣಪಾಲ

ನಮ್ಮ ಮನೆಯೊಳಗೆ ಚಪ್ಪಲಿ ಮೆಟ್ಟಿಕೊಂಡು ಓಡಾಡುವ ಅಧಿಕಾರ ಇದ್ದದ್ದು ಒಬ್ಬನಿಗೇ, ವಯರ್‌ಮ್ಯಾನ್ ಗುಣಪಾಲನಿಗೆ. ದೇವರ ಕೋಣೆಗೆ ಬಲ್ಬು ಹಾಕುವಾಗಲೂ ಆ ಹವಾಯಿ ಚಪ್ಪಲಿ ಕಾಲಲ್ಲೇ ಇರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಗುಡಿಸುವ ಹಿಡಿಸೂಡಿಯನ್ನೇ ತೆಗೆದುಕೊಳ್ಳುತ್ತಿದ್ದೆ. ಬೈದರೆ ಅವನು ನಗುತ್ತಿದ್ದ. "ಬಾಗಿಯಕ್ಕ, ದೇವ್ರ್ ಕೈ ಮುಗುದ್ರೆ ಬಿಡ್ತ್ರ್. ಕರೆಂಟ್ ಬಿಡುದಿಲ್ಲ ಮಾರಾಯ್ರೆ."

ಅವನು ಶಂಕರನಾರಾಯಣದ ಕಡೆಯವನು. ಹದಿನೈದಕ್ಕೆ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಗ್ಲಾಸು ತೊಳೆದ. ಅಲ್ಲಿಂದ ತಪ್ಪಿಸಿಕೊಂಡು ಒಬ್ಬ ವಯರ್‌ಮ್ಯಾನ್ ಜೊತೆ ಸೇರಿ ಕೆಲಸ ಕಲಿತ. ಊರಿಗೆ ವಾಪಸು ಬಂದು ಗಿರಿಜಾಳನ್ನು ಮದುವೆಯಾಗಿ ತೆಕ್ಕಟ್ಟೆಯಲ್ಲಿ ಬಾಡಿಗೆ ಮನೆ ಹಿಡಿದ. ಇಪ್ಪತ್ತು ವರ್ಷದಲ್ಲಿ ನಮ್ಮ ಕಡೆಯ ಅರ್ಧ ಮನೆಗಳಿಗೆ ವಯರಿಂಗ್ ಮಾಡಿದ್ದು ಅವನೇ. ಕಡ್ಡಿಯಂಥ ಆಳು, ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಒಂದೇ ಒಂದು ದೋಷ. ಯಾರಾದರೂ ಧ್ವನಿ ಎತ್ತರಿಸಿದರೆ ಅವನಿಗೆ ಆಗುವುದಿಲ್ಲ ಅನ್ನಲು ಬರುತ್ತಿರಲಿಲ್ಲ.

ನನ್ನ ಧ್ವನಿ ಹೇಗಿದೆ ಅಂತ ಸಿದ್ದಾಪುರದ ಬಸ್ಸಿನವರನ್ನು ಕೇಳಿ. ಮೂವತ್ತು ವರ್ಷ ಮೀನು ಬುಟ್ಟಿ ಹೊತ್ತು ಆ ಬಸ್ಸು ಹತ್ತಿದವಳು ನಾನು. ಗಂಡ ಹೋದ ಮೇಲೆ ಮಗ ನಿತೇಶನನ್ನು ಸಾಕಿದ್ದು ಇದೇ ಬಾಯಿಯಿಂದ. ಈಗ ಅವನು ಮೀನಿನ ಬೋಟಿಗೆ ಹೋಗುತ್ತಾನೆ, ಮಳೆಗಾಲದಲ್ಲಿ ಎರಡು ತಿಂಗಳು ಬೋಟು ಬಂದ್.

ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ನಡೆದದ್ದನ್ನು ಮೊದಲು ಹೇಳಬೇಕು. ಮಾರಿ ಉಳಿದ ಮೀನಿಗೆಂದು ಮನೆಯಲ್ಲಿ ಒಂದು ದೊಡ್ಡ ಫ್ರೀಜರ್ ಇಟ್ಟಿದ್ದೆ. ನಮ್ಮಲ್ಲಿ ಮಳೆ ಹಿಡಿದರೆ ಗೋಡೆ ಒದ್ದೆ, ಬೋರ್ಡು ಒದ್ದೆ. ಎಲ್ಲಿಯೋ ಸ್ವಲ್ಪ ಕರೆಂಟು ಸೋರಿದರೂ ಮೀಟರಿನ ಪಕ್ಕದ ಟ್ರಿಪ್ ಸ್ವಿಚ್ ಟಕ್ ಅಂತ ಬೀಳುತ್ತದೆ, ಮನೆಯೆಲ್ಲ ಬಂದ್. ಒಂದು ದಿನ ನಾನು ಪೇಟೆಯಿಂದ ಬರುವಷ್ಟರಲ್ಲಿ ಫ್ರೀಜರ್ ಆಫ್ ಆಗಿ ಬಂಗುಡೆಯೆಲ್ಲ ಕೊಳೆತು ನಾರುತ್ತಿತ್ತು. ಗುಣಪಾಲನನ್ನು ಕರೆಸಿ ಹಾರಾಡಿದೆ.

"ಆ ದರಿದ್ರ ಸ್ವಿಚ್ ಕಿತ್ತ್ ಬಿಸಾಡಿ ಡೈರೆಕ್ಟ್ ಮಾಡ್!"

"ಅಕ್ಕ, ಅದ್ ಇದ್ರೆ ಜೀವ ಉಳಿತ್ತ್. ತೆಗುಕಾಗ."

"ನನ್ನ್ ಮೀನ್ ಉಳಿಲಿಲ್ಲ ಅಲ್ದಾ? ನೀ ಮಾಡ್ತ್ಯಾ, ಬೇರೆಯವ್ರನ್ನ್ ಕರಿಕಾ?"

ಅವನು ಮಾಡಿದ. ಎರಡು ವಯರು ಅತ್ತಿಂದಿತ್ತ ಬದಲಿಸಿ ಆ ಸ್ವಿಚ್ ತಪ್ಪಿಸಿದ, ಅಷ್ಟೇ. ಆಮೇಲೆ ಫ್ರೀಜರ್ ನಿಂತದ್ದೇ ಇಲ್ಲ. ನಾನು ಗೆದ್ದೆ ಅಂದುಕೊಂಡೆ.

ಇನ್ನು ಆಮೆ. ಸೊಸೆ ಸ್ವಾತಿಗೆ ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಬಂದವರು ಹೋದವರು ಕೇಳಿ ಕೇಳಿ ಆ ಹುಡುಗಿಯ ಮುಖ ಬತ್ತಿಹೋಗಿತ್ತು. ನಾನೂ ಕೇಳಿದವಳೇ, ಸುಳ್ಳು ಯಾಕೆ ಹೇಳಲಿ? ಮನೆಯ ಉತ್ತರಕ್ಕೆ ಆಮೆ ಸಾಕಿದರೆ ಒಳ್ಳೆಯದಾಗುತ್ತದೆ ಅಂತ ಯಾರೋ ಅವಳ ತಲೆಯಲ್ಲಿ ತುಂಬಿದರು. ಕಿವಿಯ ಹತ್ತಿರ ಕೆಂಪು ಗೆರೆಯ ಎರಡು ಮರಿ ತಂದು, ನೆಲದ ಮೇಲಿಟ್ಟ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟಳು. ನೀರಿನ ಜೀವ ಅಲ್ಲವೇ ಅಂತ ಕಂಠಪೂರ್ತಿ ನೀರು ತುಂಬಿದಳು.

ಹೋದ ಜೂನ್‌ನಲ್ಲಿ ಅವುಗಳ ಚಿಪ್ಪಿನ ಮೇಲೆ ಬಿಳಿ ಕಲೆ ಎದ್ದಿತು. ಒತ್ತಿದರೆ ಮೆತ್ತಗೆ. ಕುಂದಾಪುರದ ಅಂಗಡಿಯವನಿಗೆ ತೋರಿಸಿದರೆ ಅವನು ಬೈದನಂತೆ. ಈ ಜಾತಿ ದಿನಾ ನೀರಿನಿಂದ ಹತ್ತಿ ಮೈ ಪೂರ್ತಿ ಒಣಗಿಸಿಕೊಳ್ಳಬೇಕು, ಬಿಸಿಲಿಲ್ಲದ ಕಾಲದಲ್ಲಿ ಮೇಲಿಂದ ಲೈಟಿನ ಕಾವಾದರೂ ಬೇಕು, ಇಲ್ಲದಿದ್ದರೆ ಕೊಳೆತು ಸಾಯುತ್ತವೆ ಅಂದನಂತೆ. ಸ್ವಾತಿ ಅಳುತ್ತಾ ಬಂದಳು. ಅವಳಿಗೆ ಆಮೆ ಸಾಯುವುದು ಅಂದರೆ ಬರೀ ಆಮೆ ಸಾಯುವುದಾಗಿರಲಿಲ್ಲ.

ಗುಣಪಾಲ ಬಂದು ಅರ್ಧ ದಿನ ಕೂತ. ಸ್ವಾತಿ ಮೊದಲು ಥರ್ಮಕೋಲ್ ತೇಲಿಬಿಟ್ಟಿದ್ದಳು, ಆಮೆಗಳು ಅದನ್ನು ಕಚ್ಚಿ ತಿನ್ನುತ್ತಿದ್ದವು. ಅವನು ಅದನ್ನು ತೆಗೆದು, ಅರ್ಧ ನೀರು ಖಾಲಿ ಮಾಡಿ, ಪ್ಲಾಸ್ಟಿಕ್ ಪೈಪಿನ ನಾಲ್ಕು ತುಂಡು ಕಾಲು ಕೊಟ್ಟು ಅದರ ಮೇಲೆ ಹೆಂಚು ಕಟ್ಟಿದ. ಒಂದು ತುದಿ ನೀರಿನೊಳಗೆ ಇಳಿಜಾರು. ಕಾಲು ಜಾರದ ಹಾಗೆ ಹುರಿಹಗ್ಗ ಸುತ್ತಿದ. ಮೇಲೆ ಗೋಡೆಯಲ್ಲಿದ್ದ ಹಳೆಯ ಕೊಕ್ಕೆಗೆ ಬಲ್ಬು ಇಳಿಬಿಟ್ಟ. ಹೆಂಚಿನ ಮೇಲೆ ತನ್ನ ಅಂಗೈ ಇಟ್ಟು ಎಷ್ಟೋ ಹೊತ್ತು ಕಾದ. "ಬೆಚ್ಚಗ್ ಇರ್ಕ್, ಸುಡುಕಾಗ" ಅಂತ ಬಲ್ಬನ್ನು ಎರಡು ಸಲ ಮೇಲೆ ಕೆಳಗೆ ಮಾಡಿದ.

ಒಂದು ಆಮೆ ಹತ್ತಿತು. ಕುತ್ತಿಗೆ ಉದ್ದ ಮಾಡಿ, ಹಿಂದಿನ ಕಾಲು ಎರಡೂ ಚಾಚಿ ಬಿದ್ದುಕೊಂಡಿತು.

"ಅತ್ತೆ, ಬನ್ನಿ ಕಾಣಿ, ಬನ್ನಿ!" ಸ್ವಾತಿ ಅಷ್ಟು ನಕ್ಕದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

ಹೊರಡುವಾಗ ಗುಣಪಾಲ ಮೀಟರ್ ಬೋರ್ಡಿನ ಎದುರು ನಿಂತ. "ಬಾಗಿಯಕ್ಕ, ಈಗ ನೀರಿನ್ ಹತ್ರ ಕರೆಂಟ್ ಬಂತ್. ಟ್ರಿಪ್ ಕೊಟ್ಟೇ ಹೋತೆ."

"ಮಳೆ ಮುಗಿಲಿ ಮಾರಾಯ. ಫ್ರೀಜರ್ ತುಂಬ ಅಂಜಲ್ ಮೀನ್ ಇತ್ತ್."

"ಅಕ್ಕ..."

"ಹೇಳಿದ್ ಕೇಂತಿಲ್ಯಾ? ನಡಿ ನಡಿ."

ಅವನು ಏಣಿ ಎತ್ತಿಕೊಂಡು ಹೋದ.

ಮೂರು ವಾರದಲ್ಲಿ ಚಿಪ್ಪು ಗಟ್ಟಿಯಾಗುತ್ತಾ ಬಂತು. ನಾಲ್ಕನೆಯ ವಾರ, ಒಂದು ಬೆಳಿಗ್ಗೆ, ಹೆಂಚು ಓರೆಯಾಗಿದೆ ಅಂತ ಸ್ವಾತಿ ನೀರಿಗೆ ಕೈ ಹಾಕಿದಳು. ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದ ಕೊಕ್ಕೆ ತುಂಡಾಗಿ ಉರಿಯುವ ಬಲ್ಬು ನೀರಿಗೆ ಬಿತ್ತು. ನಾನು ಹಿತ್ತಿಲಲ್ಲಿ ಮೀನು ಕೊಯ್ಯುತ್ತಿದ್ದೆ. ಒಂದು ಶಬ್ದ ಕೇಳಿತು, ಪಾತ್ರೆ ಬಿದ್ದಿರಬೇಕು ಅಂದುಕೊಂಡೆ. ಒಳಗೆ ಹೋದಾಗ ಅವಳು ಒದ್ದೆ ನೆಲದ ಮೇಲೆ ಬಿದ್ದಿದ್ದಳು, ಕೈ ಇನ್ನೂ ನೀರಿನಲ್ಲಿತ್ತು. ಟ್ರಿಪ್ ಸ್ವಿಚ್ ಇದ್ದಿದ್ದರೆ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಬೀಳುತ್ತಿತ್ತು. ನನ್ನ ಫ್ರೀಜರ್ ಮಾತ್ರ ಗುಂಯ್ ಅನ್ನುತ್ತಲೇ ಇತ್ತು. ಹೆಂಚಿನ ಮೇಲಿದ್ದ ಆಮೆ ಬದುಕಿತು, ನೀರಿನಲ್ಲಿದ್ದದ್ದು ಸತ್ತಿತು.

ಸ್ವಾತಿಯ ಸಾವನ್ನು ಪೊಲೀಸರು ಆಕಸ್ಮಿಕ ಅಂತ ಬರೆದುಕೊಂಡರು. ಉತ್ತರಕ್ರಿಯೆಯ ಬೊಜ್ಜದ ದಿನ ಗುಣಪಾಲ ಬಂದ. ಚಪ್ಪಲಿ ಅಂಗಳದಲ್ಲೇ ಬಿಟ್ಟು ನಿತೇಶನ ಕಡೆ ಹೊರಟವನನ್ನು ನಾನು ಬಾವಿಯ ಹತ್ತಿರ ತಡೆದೆ. "ನನ್ನ್ ಹೆಸ್ರ್ ಹೇಳ್ಬೇಡ ಮಾರಾಯ. ಮಗ ಒಬ್ನೇ ಉಳ್ದದ್ದ್ ನಂಗೆ." ಅವನು ತಲೆಯಾಡಿಸಿದ. ಅವತ್ತು ನಾನು ಧ್ವನಿ ಎತ್ತರಿಸಿರಲಿಲ್ಲ.

ನನ್ನಂತೆ ಗದರಿದ ಬೇರೆಯವರಿಗೂ ಅವನು ಡೈರೆಕ್ಟ್ ಮಾಡಿಕೊಟ್ಟಿದ್ದ; ಮಾರನೆಯ ದಿನದಿಂದ ಆ ಮನೆಗಳಿಗೆ ಒಂದೊಂದಾಗಿ ಹೋಗತೊಡಗಿದ. ದುಡ್ಡು ಬೇಡ, ಟ್ರಿಪ್ ಸ್ವಿಚ್ ವಾಪಸು ಕೊಡುತ್ತೇನೆ ಅಂದ. ಯಾಕೆ ಅಂತ ಕೇಳಿದವರಿಗೆಲ್ಲ ನಿಜ ಹೇಳಿದ, ಅರ್ಧ ನಿಜ. "ಬಾಗಿಯಕ್ಕನ ಮನೆಗ್ ಡೈರೆಕ್ಟ್ ಮಾಡ್ದವ ನಾನ್." ಯಾರು ಮಾಡಿಸಿದ್ದು ಅಂತ ಹೇಳಲಿಲ್ಲ. ಊರು ಬಿಡುತ್ತದೆಯೇ? ಸ್ವಾತಿಯನ್ನು ಕೊಂದವನು ಅಂದಿತು. ಕೆಲವರು ಬಾಗಿಲೇ ತೆರೆಯಲಿಲ್ಲ. ಒಂದು ಸಂಜೆ ತೆಕ್ಕಟ್ಟೆ ಬಸ್‌ಸ್ಟ್ಯಾಂಡಿನಲ್ಲಿ, ನಾಲ್ಕು ಜನರೆದುರು, ನಿತೇಶ ಅವನನ್ನು ಹಿಡಿದು ಬಡಿದ. ಬಲಗೈ ಎರಡು ಕಡೆ ಮುರಿಯಿತು. ಗುಣಪಾಲ ತಿರುಗಿ ಕೈ ಎತ್ತಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ನಾನು ಅಲ್ಲೇ ಮೀನು ಬುಟ್ಟಿ ಹಿಡಿದು ನಿಂತಿದ್ದೆ. ಥೂ, ನನ್ನ ಜನ್ಮವೇ.

ಮೊನ್ನೆ ಅವನ ಮನೆಗೆ ಹೋದೆ. ಗಿರಿಜಾ ಗೇರುಬೀಜ ಫ್ಯಾಕ್ಟರಿಗೆ ಹೋಗಿದ್ದಳು. ಮುರಿದ ಕೈ ಸರಿಯಾಗಿ ಕೂಡಿಲ್ಲ. ಸ್ಕ್ರೂಡ್ರೈವರ್ ತಿರುಗಿಸಲು ಆಗುವುದಿಲ್ಲ, ಅನ್ನ ಕಲಸಲೂ ಆಗುವುದಿಲ್ಲ, ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಉಣ್ಣುತ್ತಿದ್ದ.

"ನಾಳೆಯಾದ್ರೂ ನಿತೇಶಂಗ್ ಹೇಳ್ತೆ ಗುಣಪಾಲ" ಅಂದೆ.

"ಹೇಳಿ ಎಂತ ಆಯ್ಕ್ ಅಕ್ಕ? ಇನ್ನೂ ಹನ್ನೊಂದ್ ಮನೆಗ್ ಟ್ರಿಪ್ ಕೊಡುಕ್ ಬಾಕಿ ಇತ್ತ್. ಹೇಳುದಾದ್ರೆ ಅವ್ರಿಗೆ ಹೇಳಿ, ನಿಮ್ಮ್ ಬಾಯಿಗ್ ಹೆದ್ರ್ತ್ರ್."

ನನಗೆ ಅಳು ತಡೆಯಲಾಗಲಿಲ್ಲ. ಮಾರನೆಯ ದಿನ ಮಧ್ಯಾಹ್ನ ನಿತೇಶ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿಬಿಟ್ಟೆ. ಬಂಗುಡೆ ಕೊಳೆತದ್ದು, ನಾನು ಬೊಬ್ಬೆ ಹೊಡೆದದ್ದು, ಎರಡನೆಯ ಸಲ ಗುಣಪಾಲ ಕೇಳಿದಾಗ ಅಟ್ಟಿದ್ದು. ನಿತೇಶ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಗೊತ್ತಿತ್ತ್ ಅಮ್ಮ. ಎರ್ಡ್ ಸಲಿಯೂ ಬೋಟ್ ಬಂದ್ ಇದ್ದಿತ್, ನಾ ಮನೆಯೊಳ್ಗೇ ಇದ್ದಿದ್ದೆ. ನೀ ಹೇಳಿದ್ದೆಲ್ಲ ಕೇಂಡಿದೆ. ನಾನೂ ಸುಮ್ನೇ ಇದ್ದೆ."

"ಗೊತ್ತಿದ್ದೂ ಅವ್ನಿಗ್ ಎಂತಕ್ ಹೊಡ್ದೆ ಮಗಾ?"

"ನಂಗೆ ನಿನ್ನ್ ಹೊಡುಕ್ ಆತಿತ್ತಾ?"

ಸಾರು ಹಾಕು ಅಂತ ತಟ್ಟೆ ಮುಂದೆ ಮಾಡಿದ. ನಾನು ಹಾಕಿದೆ.