ಎಂಟನೆಯ ಸಾಲಿನ ನೀರು

ನಮ್ಮ ಕಡೆ ಮನೆಗೆ ಯಾರೇ ಬರಲಿ, ಚಪ್ಪಲಿ ಬಿಡುವಷ್ಟರಲ್ಲಿ ಒಂದು ತಂಬಿಗೆ ನೀರು ಎದುರಿಗೆ ಬಂದಿರುತ್ತದೆ. ಬಂದವರು ಯಾರು, ಯಾಕೆ ಬಂದರು ಎಂಬುದೆಲ್ಲ ಆಮೇಲಿನ ಮಾತು. ಇಂಥ ಊರಿನಲ್ಲಿ ನನ್ನ ಕಾಕಾ ನೀರು ಕುಡಿಯದೆ ಮೂತ್ರಪಿಂಡ ಕೆಡಿಸಿಕೊಂಡರೆಂದರೆ ನೀವು ನಂಬಲಿಕ್ಕಿಲ್ಲ, ಗೆಳೆಯರೇ. ಇಷ್ಟು ವರ್ಷಗಳಾದರೂ ನನ್ನ ಸಿಟ್ಟು ಇಳಿದಿಲ್ಲ. ಯಾರ ಮೇಲಿನ ಸಿಟ್ಟು ಎಂಬುದು ಮಾತ್ರ ಆಗಾಗ ಬದಲಾಗುತ್ತದೆ.

ಎರಡು ಸಾವಿರದ ಇಸವಿಯ ಆಚೀಚೆಯ ಒಂದು ಶ್ರಾವಣ. ಉಣಕಲ್ಲಿನ ಗುರಪ್ಪ ಕಾಕಾ ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿಯ ದಲ್ಲಾಳಿ. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಮೀನಖಂಡ ಹಿಡಿದು ನಿಲ್ಲತೊಡಗಿದ್ದರು. ಬೀಡಿಯ ಚಟ ಕಾಲಿನ ರಕ್ತನಾಳವನ್ನು ಕಿರಿದು ಮಾಡಿತ್ತು. ಮಂಗಳವಾರ ಮುಂಜಾನೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನಾಳದೊಳಗೆ ಔಷಧ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವುದು, ಅಡ್ಡಿಯಿದ್ದಲ್ಲಿ ಲೋಹದ ಸ್ಟೆಂಟ್ ಕೂರಿಸುವುದು ಎಂದು ನಿಶ್ಚಯವಾಯಿತು. ನರ್ಸ್ ಇಂಗ್ಲಿಷಿನ ಹಾಳೆಯೊಂದನ್ನು ಕೊಟ್ಟು, "ಖಾಲಿ ಹೊಟ್ಟೀಲೆ ಬರ್ರಿ, ಅಜ್ಜಾರ" ಎಂದಳು. ಕಾಕಾ ಕನ್ನಡದಲ್ಲಿ ಸಹಿ ಹಾಕಿ ಹಾಳೆಯನ್ನು ನನಗೆ ದಾಟಿಸಿದರು.

"ಎಂ.ಎಸ್ಸಿ. ಮಾಡೀಯಲ್ಲೋ, ಓದಿ ಹೇಳು."

ಹೇಳಿದೆ, ಬಹಳ ಹುರುಪಿನಿಂದಲೇ ಹೇಳಿದೆ. ಮೂಳೆ ಕಾಣಿಸುವ ಎಕ್ಸ್‌ರೇಗೆ ರಕ್ತನಾಳ ಕಾಣುವುದಿಲ್ಲ, ಔಷಧದಲ್ಲಿರುವ ಅಯೋಡಿನ್ನಿನ ಭಾರವಾದ ಪರಮಾಣುಗಳು ಕಿರಣವನ್ನು ತಡೆದಾಗ ನಾಳದ ಕವಲುಗಳೆಲ್ಲ ಪರದೆಯ ಮೇಲೆ ಮೂಡುತ್ತವೆ ಎಂದೆಲ್ಲ ವಿವರಿಸಿದೆ. ಕಾಕಾ ತಾಳ್ಮೆಯಿಂದ ಕೇಳಿ, "ಅದೆಲ್ಲಾ ಖರೇನಪಾ, ನೋಯ್ತದೋ ಇಲ್ಲೋ ಅದನ್ನ ಹೇಳು" ಎಂದರು.

ಅದೇ ಹಾಳೆಯ ಎಂಟನೆಯ ಸಾಲು: ಊಟ ಬೇಡ, ಆದರೆ ಎರಡು ತಾಸು ಮೊದಲಿನವರೆಗೂ ಸಾಕಷ್ಟು ನೀರು ಕುಡಿಯಿರಿ, ಇಲ್ಲವಾದರೆ ಔಷಧದಿಂದ ಮೂತ್ರಪಿಂಡಕ್ಕೆ ಅಪಾಯ. ಅದನ್ನು ನಾನು ಓದಿ ಹೇಳಿದೆನೆ? ನನ್ನ ನೆನಪಿನಲ್ಲಿ ಎರಡು ಚಿತ್ರಗಳಿವೆ. ಒಂದರಲ್ಲಿ ನಾನು ಹೇಳುತ್ತೇನೆ, ಕಾಕಾ ನಗುತ್ತಾರೆ: "ನೀರು ಕುಡಿದ್ರ ಅದೆಂಥಾ ಶ್ರಾವಣ ಸ್ವಾಮಾರೋ?" ಇನ್ನೊಂದರಲ್ಲಿ ಅಯೋಡಿನ್ನಿನ ಗುಂಗಿನಲ್ಲೇ ನಾನು ಹಾಳೆ ಮಡಚುತ್ತೇನೆ. ಎರಡೂ ಅಷ್ಟೇ ಸ್ಪಷ್ಟವಾಗಿವೆ. ಎಲ್ಲವನ್ನೂ ಪ್ರಶ್ನಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತ ನನಗೆ ಎರಡರಲ್ಲಿ ಒಂದನ್ನು ಸುಳ್ಳೆನ್ನುವ ಧೈರ್ಯವಿಲ್ಲ.

ಶ್ರಾವಣದ ಎಲ್ಲ ಸೋಮವಾರಗಳಂತೆ ಆ ಸೋಮವಾರವೂ ಕಾಕಾ ಹನಿ ನೀರೂ ಮುಟ್ಟದೆ ಉಪವಾಸ ಮಾಡಿದರು. ಎಂದಿನಂತೆ ಸಂಜೆ ಬಿಡುವ ಬದಲು, ಖಾಲಿ ಹೊಟ್ಟೆ ಎಂದಿದ್ದಾರಲ್ಲ ಎಂದು ಅದನ್ನೇ ಮಂಗಳವಾರದವರೆಗೆ ಎಳೆದರು. ಸ್ಟೆಂಟ್ ಕೂತಿತು, ಕಾಲು ಬೆಚ್ಚಗಾಯಿತು. ಮೂರನೆಯ ದಿನ ಮುಖ ಊದಿತು, ಮೂತ್ರ ನಿಂತಿತು. ನಾಲ್ಕು ಸಲ ಡಯಾಲಿಸಿಸ್ ಆದ ಮೇಲೆ ಜೀವ ಉಳಿಯಿತು. ಮೂತ್ರಪಿಂಡ ಉಳಿದದ್ದು ಅರ್ಧ.

ನಾನು ಕೆಂಡವಾಗಿ, ಕಾಕಾನ ಗಾಲಿಕುರ್ಚಿ ತಳ್ಳಿಕೊಂಡೇ ಡಾಕ್ಟರ ಕೋಣೆಗೆ ನುಗ್ಗಿದೆ. ರೋಗಿಗೆ ಓದಲು ಬಾರದ ಭಾಷೆಯಲ್ಲಿ ಎಚ್ಚರಿಕೆ ಅಚ್ಚು ಹಾಕಿ ಕೆಳಗೆ ಅವನಿಂದಲೇ ಸಹಿ ಪಡೆಯುವುದು ಯಾವ ನ್ಯಾಯ? ಕೂದಲೆಳೆಯಂಥ ನಾಳವೂ ಕಾಣುವ ಯಂತ್ರ ತಂದವರಿಗೆ, ಶ್ರಾವಣದಲ್ಲಿ ಅರ್ಧ ಊರೇ ಉಪವಾಸ ಇರುವುದು ಕಾಣಲಿಲ್ಲವೆ? "ನೀರು ಕುಡಿದೀರೇನು" ಎಂದು ಒಬ್ಬರಾದರೂ ಕೇಳಬಾರದಿತ್ತೆ? ಲಿಖಿತ ದೂರು ಕೊಡುತ್ತೇನೆ ಎಂದೆ.

ಡಾಕ್ಟರರು ನನ್ನನ್ನು ಬಿಟ್ಟು, ಗಾಲಿಕುರ್ಚಿಯಲ್ಲಿದ್ದ ಕಾಕಾನನ್ನು ಕೇಳಿದರು: "ನೀರಿನ ವಿಷಯ ನಿಮಗ ಯಾರೂ ಹೇಳಲಿಲ್ಲೇನ್ರಿ?"

ಕಾಕಾ ನನ್ನ ಮುಖ ನೋಡಿದರು.

"ನಮ್ಮ ಹುಡುಗ ಎಲ್ಲಾ ಓದಿ ಹೇಳಿದ್ದ್ರೀ. ನಾನ ಕೇಳಲಿಲ್ಲ."

ಅದು ನಿಜವೋ, ನನಗೆ ಮಾಡಿದ ದಯೆಯೋ? ಹೊರಗೆ ಬಂದ ಮೇಲೂ ಕೇಳಲಿಲ್ಲ, ಅವರು ತೀರಿಕೊಳ್ಳುವವರೆಗೂ ಕೇಳಲಿಲ್ಲ. ಡಾಕ್ಟರರ ಹುಬ್ಬು ಸಡಿಲವಾಯಿತು. ಅವರು ಫೈಲು ತೆರೆದು, ರೋಗಿಗೆ ಮುಂಚಿತವಾಗಿ ತಿಳಿಸಲಾಗಿತ್ತು ಎಂದು ಇಂಗ್ಲಿಷಿನಲ್ಲಿ ಬರೆದರು. ಮೇಜಿನ ಈಚೆ ಕೂತವರಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಓದಿದೆ, ದೂರಿನ ಮಾತೆತ್ತದೆ ಕಾಕಾನ ಗಾಲಿಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದೆ.